ಹಾಡಿನ ಋಣ

ಪುರಂದರದಾಸರ ಕೀರ್ತನೆಯೊಂದನ್ನು ಒಬ್ಬ ವಿದ್ವಾಂಸರು ಒಂದು ರಾಗದಲ್ಲಿ ಹಾಡುತ್ತಾರೆ, ಮತ್ತೊಬ್ಬರು ಬೇರೊಂದರಲ್ಲಿ ಹಾಡುತ್ತಾರೆ. ಮನೆಯ ಮುದುಕಿಯೊಬ್ಬಳು ದೇವರ ಮುಂದೆ ಕುಳಿತು ಎರಡೂ ಅಲ್ಲದ ತನ್ನದೇ ಒಂದು ಧಾಟಿಯಲ್ಲಿ ಹೇಳಿಕೊಳ್ಳುತ್ತಾಳೆ. ಇವುಗಳಲ್ಲಿ ಮೂಲವಾವುದು ಎಂದು ಕೇಳುವವರಿಲ್ಲ. ಕೇಳಿದರೆ ಉತ್ತರ ಹೇಳುವವರೂ ಇಲ್ಲ. ದಾಸರು ತಂಬೂರಿ ಮೀಟುತ್ತ ಹೇಗೆ ಹಾಡಿದರೆಂಬುದು ಅವರ ಕಾಲದೊಡನೆಯೇ ಹೋಯಿತು. ನಮಗೆ ಉಳಿದದ್ದು ಸಾಹಿತ್ಯ. ಈಗ ಕಚೇರಿಗಳಲ್ಲಿ ಕೇಳಿಬರುವ ಮಟ್ಟುಗಳಲ್ಲಿ ಬಹುಪಾಲು ಅವರ ತರುವಾಯದ ಗಾಯಕರು ಕೂಡಿಸಿದವು. ಹೀಗಾಗಿ ಒಬ್ಬನು ಹಾಡಿದ್ದನ್ನು ಇನ್ನೊಬ್ಬನು ಹಾಡಿದಾಗ ಎರಡನ್ನೂ ಎದುರುಬದುರಾಗಿ ನಿಲ್ಲಿಸಿ ತೂಗಿನೋಡುವ ಪದ್ಧತಿ ನಮ್ಮಲ್ಲಿ ಬಹುಕಾಲ ಬೆಳೆಯಲಿಲ್ಲ. ಎಲ್ಲವೂ ಪಾಠಾಂತರವೇ ಆಗಿರುವಲ್ಲಿ ಯಾವುದೂ ಪಾಠಾಂತರವಲ್ಲ.

ಗ್ರಾಮಫೋನು ಬಂದು ಈ ಸ್ಥಿತಿಯನ್ನು ಕದಡಿತು. ಮೊದಲು ಹಾಡಿದವನ ಕಂಠ ಪ್ಲೇಟಿನ ಗೆರೆಗಳಲ್ಲಿ ನಿಂತುಬಿಟ್ಟಿತು. ಅವನು ಸತ್ತ ಮೇಲೂ, ಅವನನ್ನು ಕಾಣದ ದೇಶದಲ್ಲಿಯೂ, ಅದನ್ನು ಮುಳ್ಳಿನ ಕೆಳಗಿಟ್ಟು ಕೇಳಬಹುದು. ಅದೇ ಹಾಡನ್ನು ತರುವಾಯ ಮತ್ತೊಬ್ಬನು ಹಾಡಿ ಮುದ್ರಿಸಿದರೆ (ಈಗಿನವರು ಇದನ್ನು ‘ಕವರ್’ ಎನ್ನುತ್ತಾರೆ) ಮೊದಲನೆಯದು ಅದರ ಎದುರಿಗೆ ಸಾಕ್ಷಿಯಂತೆ ನಿಲ್ಲುತ್ತದೆ. ಎರಡರಲ್ಲಿ ಯಾವುದು ಚೆನ್ನ ಎಂಬುದು ರುಚಿಯ ಪ್ರಶ್ನೆ. ಅದನ್ನು ಅವರವರ ಕಿವಿಗೆ ಬಿಟ್ಟುಬಿಡಬಹುದು. ಆದರೆ ಎರಡನೆಯವನು ಮೊದಲನೆಯವನಿಗೆ ಸಲ್ಲಿಸಬೇಕಾದದ್ದು ಏನಾದರೂ ಉಂಟೆ, ಉಂಟಾದರೆ ಅದು ಯಾವುದು, ಎಂಬುದು ರುಚಿಯ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಈ ಎರಡನೆಯದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನನ್ನ ಉದ್ದೇಶ.

ಬರಿಯ ತತ್ತ್ವವನ್ನು ಹಿಡಿದು ಹೊರಟರೆ ದಾರಿ ತಪ್ಪುವ ಸಂಭವ ಹೆಚ್ಚು. ಒಂದು ಹಾಡನ್ನು ಹಿಡಿದುಕೊಳ್ಳೋಣ. ಅದು ನಮ್ಮ ದೇಶದ್ದಲ್ಲ, ದಕ್ಷಿಣ ಆಫ್ರಿಕದ್ದು. ಈ ಪ್ರಶ್ನೆಯ ಮುಖಗಳೆಲ್ಲ ಒಂದೇ ಕಡೆ ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆ ಬೇರೊಂದು ನನಗೆ ತಿಳಿಯದು.

ಸಾಲೊಮನ್ ಲಿಂಡಾ ಎಂಬವನು 1909ರಲ್ಲಿ ನಟಾಲ್ ಪ್ರಾಂತದ ಜುಲು ಜನರಲ್ಲಿ ಹುಟ್ಟಿದವನು. ಬಾಲ್ಯದಲ್ಲಿ ದನ ಕಾದವನು. ಮಿಷನ್ ಶಾಲೆಯಲ್ಲಿ ಕ್ರೈಸ್ತಗೀತೆಗಳು ಅವನ ಕಿವಿಗೆ ಬಿದ್ದವು. ಅಮೆರಿಕದಿಂದ ಬಂದ ಹೊಸ ತಾಳಗತಿಯ ಹಾಡುಗಳೂ ಬಿದ್ದವು. ದೊಡ್ಡವನಾದ ಮೇಲೆ ಕೆಲಸ ಹುಡುಕಿಕೊಂಡು ಜೊಹಾನ್ಸ್‌ಬರ್ಗ್ ಸೇರಿದನು. ಅಲ್ಲಿ ‘ಈವ್ನಿಂಗ್ ಬರ್ಡ್ಸ್’ ಎಂಬ ಹೆಸರಿನ, ಎಂದರೆ ಸಂಜೆಯ ಹಕ್ಕಿಗಳೆಂಬ, ಗಾಯಕರ ಗುಂಪೊಂದನ್ನು ನಡೆಸಿದನು. ಇವರು ಕಾಡಿನಿಂದ ಬಂದ ವೇಷದವರಲ್ಲ. ಗೆರೆಗೆರೆಯ ಸೂಟು, ತಲೆಗೆ ಗುಂಡು ಹ್ಯಾಟು, ಹೀಗೆ ನಗರದ ಷೋಕಿಯಲ್ಲಿ ನಿಂತು ಹಾಡುತ್ತಿದ್ದವರು. ಈ ಸಣ್ಣ ವಿವರವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಲಿಂಡಾನ ಜೀವನೋಪಾಯ ಮಾತ್ರ ಹಾಡುಗಾರಿಕೆಯಲ್ಲ. ಗ್ಯಾಲೊ ಎಂಬ ರೆಕಾರ್ಡು ಕಂಪೆನಿಯ ಕಾರ್ಖಾನೆಯಲ್ಲಿ ಪ್ಲೇಟುಗಳನ್ನು ಕಟ್ಟಿಡುವುದು ಅವನ ಕೆಲಸ.

ಆ ಕಂಪೆನಿಯ ಮುದ್ರಣಶಾಲೆಯಲ್ಲಿಯೇ 1939ರಲ್ಲಿ ಅವನ ಗುಂಪು ‘ಇಂಬೂಬೆ’ ಎಂಬ ಹಾಡನ್ನು ಹಾಡಿತು. ಜುಲು ಭಾಷೆಯಲ್ಲಿ ಆ ಪದಕ್ಕೆ ಸಿಂಹವೆಂದು ಅರ್ಥ. ಪ್ಲೇಟು ಮೂರು ನಿಮಿಷಕ್ಕೂ ಕಡಮೆ ಓಡುತ್ತದೆ. ಮಾತು ಬಹಳ ಸ್ವಲ್ಪ. ಗುಂಪಿನಲ್ಲಿ ಮಂದ್ರಸ್ಥಾಯಿಯವರೇ ಮೂವರು. ಹೀಗೆ ಕೆಳದನಿಗೆ ಬಲ ತುಂಬುವುದು ಲಿಂಡಾನ ವಿಶೇಷ. ಇವರು ಒಂದೇ ಪದವನ್ನು ಹಿಡಿದು, ಸ್ವರದ ಒಂದೇ ಸಣ್ಣ ಸುತ್ತಿನಲ್ಲಿ, ಬಿಡದೆ ನಡೆಯುತ್ತಾರೆ. ಆ ನಡಿಗೆಯಲ್ಲಿ ಹೊಂಚಿ ನಡೆಯುವವರ ಹೆಜ್ಜೆಯಿದೆ. ಅದರ ಮೇಲೆ ಲಿಂಡಾನ ಕಂಠ, ಗಂಡಸಿನ ಕಂಠವೆಂದು ನಂಬಲಾಗದಷ್ಟು ಎತ್ತರಕ್ಕೆ ಹೋಗಿ, ಕೂಗುತ್ತದೆ. ಅದು ರಾಗಾಲಾಪವಲ್ಲ, ಕೂಗು. ದನಕಾಯುವ ಹುಡುಗರು ಹುಲ್ಲುಗಾವಲಿನ ಆಚೆಯಿಂದ ಮೃಗದ ಸುಳಿವು ಬಂದಾಗ ಒಬ್ಬರಿಗೊಬ್ಬರು ಕೊಡುವ ಎಚ್ಚರಿಕೆಯೂ, ಮೃಗವನ್ನು ಬೆದರಿಸುವ ಪೌರುಷವೂ, ತಮಗಾಗುತ್ತಿರುವ ಭಯವೂ ಅದರಲ್ಲಿ ಬೇರ್ಪಡಿಸಲಾಗದಂತೆ ಕಲೆತಿವೆ. ನಮ್ಮ ಅಲಂಕಾರಿಕರಾಗಿದ್ದರೆ ಇದು ವೀರವೋ ಭಯಾನಕವೋ ಎಂದು ಬಹಳ ಹೊತ್ತು ಚರ್ಚಿಸುತ್ತಿದ್ದರು.

ಪ್ಲೇಟು ಮುಗಿಯುವುದಕ್ಕೆ ಸ್ವಲ್ಪವೇ ಮುಂಚೆ ಬೇರೊಂದು ಸಂಗತಿ ನಡೆಯುತ್ತದೆ. ಅಲ್ಲಿಯವರೆಗೆ ಕೂಗುತ್ತಿದ್ದ ಕಂಠ ಇದ್ದಕ್ಕಿದ್ದಂತೆ ಮೇಲಿನಿಂದ ಇಳಿಯುವ ಒಂದು ಇನಿದಾದ ಸ್ವರಪಂಕ್ತಿಯನ್ನು ಹಾಡಿಬಿಡುತ್ತದೆ. ಮೊದಲೇ ಕಟ್ಟಿಕೊಂಡು ಬಂದದ್ದಲ್ಲ, ಆ ಕ್ಷಣಕ್ಕೆ ತೋರಿದ್ದು. ಕೆಲವೇ ಸೆಕೆಂಡುಗಳು. ಅನಂತರ ಪ್ಲೇಟು ನಿಲ್ಲುತ್ತದೆ.

ದಕ್ಷಿಣ ಆಫ್ರಿಕದಲ್ಲಿ ಈ ಪ್ಲೇಟಿನ ಸುಮಾರು 1,00,000 ಪ್ರತಿಗಳು 1940ರ ದಶಕ ಮುಗಿಯುವುದರೊಳಗೆ ಮಾರಾಟವಾದವು. ಹಕ್ಕುಗಳು 10 ಷಿಲಿಂಗಿಗೆ ಕಂಪೆನಿಯ ವಶವಾದವು.

ಅಲ್ಲಿಂದ ಪ್ಲೇಟು ಸಮುದ್ರ ದಾಟಿತು. ಅಮೆರಿಕದಲ್ಲಿ ಜಾನಪದ ಗೀತಗಳ ಸಂಗ್ರಾಹಕನಾಗಿದ್ದ ಆಲನ್ ಲೋಮ್ಯಾಕ್ಸ್ ಎಂಬವನ ಕೈಗೆ ಬಂದು, ಅವನಿಂದ ಪೀಟ್ ಸೀಗರ್ ಎಂಬ ಗಾಯಕನ ಕೈ ಸೇರಿತು. ಸೀಗರನು ಅದಕ್ಕೆ ಮಾರುಹೋದನು. ಮತ್ತೆ ಮತ್ತೆ ಕೇಳಿ ಸ್ವರ ಸ್ವರವಾಗಿ ಬರೆದುಕೊಂಡನು. ಭಾಷೆ ತಿಳಿಯದ್ದರಿಂದ ಸಿಂಹನು ನೀನೆಂಬ ಅರ್ಥದ ಜುಲು ಪದ ಅವನ ಕಿವಿಗೆ ‘ವಿಮೋವೆ’ ಎಂದು ಕೇಳಿಸಿತು. ಅದೇ ಹಾಡಿನ ಹೆಸರಾಯಿತು. ‘ವೀವರ್ಸ್’ ಎಂಬ ಅವನ ಗುಂಪು ಗಾರ್ಡನ್ ಜೆಂಕಿನ್ಸನ ವಾದ್ಯಮೇಳದೊಡನೆ ಅದನ್ನು 1951ರಲ್ಲಿ ಮುದ್ರಿಸಿತು. 1961ರಲ್ಲಿ ‘ಟೋಕನ್ಸ್’ ಎಂಬ ಇನ್ನೊಂದು ಗುಂಪು, ಜಾರ್ಜ್ ಡೇವಿಡ್ ವೈಸ್ ಎಂಬವನು ಹೊಸದಾಗಿ ಬರೆದ ಇಂಗ್ಲಿಷ್ ಸಾಹಿತ್ಯದೊಡನೆ, ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಎಂಬ ಹೆಸರಿನಿಂದ ಹಾಡಿತು. ಆ ವರ್ಷದ ಡಿಸೆಂಬರಿನಲ್ಲಿ ಅದು ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಜನಪ್ರಿಯವಾದ ಹಾಡೆನಿಸಿತು. 1994ರಲ್ಲಿ ‘ಲಯನ್ ಕಿಂಗ್’ ಎಂಬ ಚಲಚ್ಚಿತ್ರದಲ್ಲಿ ಸೇರಿ ಭೂಮಂಡಲದ ಮಕ್ಕಳಿಗೆಲ್ಲ ಬಾಯಿಪಾಠವಾಯಿತು. ನಮ್ಮ ಊರುಗಳ ಶಾಲೆಯ ಮಕ್ಕಳೂ ಇದನ್ನು ಗುನುಗುವುದನ್ನು ವಾಚಕರು ಕೇಳಿರಬಹುದು.

ಈಗ ಎರಡನ್ನೂ ಪಕ್ಕದಲ್ಲಿಟ್ಟು ಕೇಳಬೇಕು. 1961ರ ಪ್ಲೇಟಿನಲ್ಲಿ ಮುಖ್ಯವಾಗಿರುವುದು ಯಾವುದು? ಲಿಂಡಾನು ಕೊನೆಯಲ್ಲಿ ತಟಕ್ಕನೆ ಹಾಡಿದ ಆ ಸ್ವರಪಂಕ್ತಿ. ಕೆಲವು ಸೆಕೆಂಡುಗಳ ಆ ಇಳಿತವೇ ಇಲ್ಲಿ ಇಡಿಯ ಹಾಡಿನ ಪಲ್ಲವಿಯಾಗಿದೆ. ಹೊಸ ಮಾತುಗಳೆಲ್ಲ ಅದರ ಮೇಲೆ ಕುಳಿತಿವೆ. ಮೂಲದಲ್ಲಿ ಹಾಡೇ ಆಗಿದ್ದ ಮಂದ್ರದ ನಡಿಗೆ ಇಲ್ಲಿ ಹಿಂದೆ ಸರಿದು ತೊಟ್ಟಿಲು ತೂಗುವ ಲಯವಾಗಿದೆ. ಭಯವಿಲ್ಲ. ಸಿಂಹವು ಮಲಗಿಬಿಟ್ಟಿದೆ, ಊರಿನವರೂ ಹೆದರದೆ ಮಲಗಬಹುದು ಎಂಬುದು ಹೊಸ ಸಾಹಿತ್ಯದ ಭಾವ. ಲಿಂಡಾನ ಸಿಂಹ ಎಚ್ಚರವಾಗಿತ್ತು, ಹುಡುಗರೂ ಎಚ್ಚರವಾಗಿದ್ದರು. ಇದು ಜೋಗುಳ, ಅದು ಜಾಗರಣೆ.

ನನ್ನ ಮನಸ್ಸು ಯಾವ ಕಡೆಗೆ ವಾಲುತ್ತದೆಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಎರಡನೆಯದು ಕೆಟ್ಟ ಹಾಡೆಂದು ಹೇಳಲಾರೆ. ಸೋಪ್ರಾನೊ ಗಾಯಕಿಯೊಬ್ಬಳ ಕಂಠ ಹಿನ್ನೆಲೆಯಲ್ಲಿ ಮೇಲೇರುವ ಭಾಗ ನಿಜವಾಗಿಯೂ ಸೊಗಸಾಗಿದೆ. ಒಂದು ಪ್ಲೇಟಿನ ಕೊನೆಯ ಅಂಚಿನಲ್ಲಿ ಬಿದ್ದಿದ್ದ ರತ್ನವನ್ನು ಕಂಡು ಎತ್ತಿ, ಒಡವೆ ಮಾಡಬಹುದೆಂದು ತೋರಿಸಿಕೊಟ್ಟದ್ದೂ ಒಂದು ಬಗೆಯ ರಸಜ್ಞತೆಯೇ.

ಹಾಗಾದರೆ ಬದಲಾಯಿಸಿದ್ದು ಅಪರಾಧವೆ? ಕನ್ನಡಿಗನಾದವನು ಹಾಗೆಂದು ಹೇಳುವುದಕ್ಕೆ ಬಾಯಿ ಬರಲಾರದು. ನಮ್ಮ ಸಾಹಿತ್ಯದ ದೊಡ್ಡ ಕೃತಿಗಳು ಎಷ್ಟೋ ಇನ್ನೊಬ್ಬನ ಹಾಡನ್ನು ಮತ್ತೆ ಹಾಡಿದವು. ಹತ್ತನೆಯ ಶತಮಾನದಲ್ಲಿ ಪಂಪನು ವ್ಯಾಸಭಾರತವನ್ನು ತೆಗೆದುಕೊಂಡು ಅರ್ಜುನನನ್ನು ನಾಯಕನನ್ನಾಗಿ ಮಾಡಿದನು. ಅವನನ್ನು ತನ್ನ ದೊರೆ ಅರಿಕೇಸರಿಯೊಡನೆ ಒಂದುಗೂಡಿಸಿದನು. ದ್ರೌಪದಿಗೆ ಅರ್ಜುನನೊಬ್ಬನನ್ನೇ ಪತಿಯೆಂದನು. ಇದಕ್ಕಿಂತ ಹೆಚ್ಚಿನ ಬದಲಾವಣೆ ಯಾವುದಿದ್ದೀತು! ಅದೇ ಕಥೆ ಗದುಗಿನ ನಾರಣಪ್ಪನ ಕೈಯಲ್ಲಿ ಕೃಷ್ಣಕಥೆಯಾಯಿತು. ಆದರೆ ಒಂದು ಮಾತನ್ನು ಗಮನಿಸಬೇಕು. ಪಂಪನು ವ್ಯಾಸನ ಕೃತಿಯ ಹಿರಿಮೆಯನ್ನು ಮೊದಲೇ ಹೇಳಿ, ತನಗೆ ವ್ಯಾಸನೆಂಬ ಅಹಂಕಾರವಿಲ್ಲವೆಂದು ಒಪ್ಪಿಕೊಂಡು, ಆಮೇಲೆ ಹೆಜ್ಜೆಯಿಟ್ಟನು. ನಾರಣಪ್ಪನಂತೂ ತನ್ನ ಹೆಸರನ್ನೇ ಬಿಟ್ಟು ಕುಮಾರವ್ಯಾಸನಾದನು. ಎರಡನೆಯ ಕಂಠ ಮೊದಲನೆಯ ಕಂಠಕ್ಕೆ ಮಗನಾಗಿ ನಿಂತಿತು. ಬದಲಾಯಿಸುವ ಸ್ವಾತಂತ್ರ್ಯ ಇವರಿಗೆ ಎಲ್ಲಿಂದ ಬಂತೆಂದರೆ, ನನ್ನ ತಿಳಿವಿನಲ್ಲಿ, ಈ ಒಪ್ಪಿಗೆಯಿಂದಲೇ ಬಂತು. ತಂದೆಯನ್ನು ತಂದೆಯೆಂದು ಹೇಳಿಕೊಳ್ಳುವ ಮಗನು ಮನೆಯನ್ನು ತನಗೆ ತೋಚಿದಂತೆ ಕೆಡವಿ ಕಟ್ಟಬಹುದು.

ಲಿಂಡಾನೇ ಆಗಲಿ ಆಕಾಶದಿಂದ ಇಳಿದ ಮೂಲನಲ್ಲ. ಕ್ರೈಸ್ತಗೀತೆಯ ಸ್ವರಮೈತ್ರಿ, ಅಮೆರಿಕದ ತಾಳ, ಜುಲುಗಳ ಕೂಗು, ಈ ಮೂರನ್ನೂ ಅವನು ಬೇರೆಯವರಿಂದ ಪಡೆದವನೇ. ಶುದ್ಧವಾದ ಮೂಲವೊಂದನ್ನು ಹುಡುಕಿಕೊಂಡು ಹೊರಟರೆ ಯಾವ ಹಾಡಿನಲ್ಲಿಯೂ ತಳ ಸಿಕ್ಕುವುದಿಲ್ಲ. ಆದುದರಿಂದ ತೆಗೆದುಕೊಂಡದ್ದು ತಪ್ಪಲ್ಲ, ಬದಲಾಯಿಸಿದ್ದೂ ತಪ್ಪಲ್ಲ.

ತಪ್ಪು ನಡೆದದ್ದು ಹೆಸರಿನಲ್ಲಿ. ಇದು ಹೇಗೆ ನಡೆಯಿತೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಳ್ಳತನವೆಂಬ ಒಂದೇ ಪದದಲ್ಲಿ ಮುಗಿಸಿಬಿಟ್ಟರೆ ಅದರ ಸೂಕ್ಷ್ಮ ತಪ್ಪಿಹೋಗುತ್ತದೆ.

ವೀವರ್ಸ್ ಗುಂಪಿನವರು ಜಾನಪದ ಗೀತಗಳನ್ನು ಹಾಡುವವರು. ಜನರ ಬಾಯಿಂದ ಬಂದ, ಕರ್ತೃವಿಲ್ಲದ ಹಾಡುಗಳನ್ನು ತಾವು ತಿದ್ದಿ ಹಾಡಿದಾಗ ಕರ್ತೃವಿನ ಸ್ಥಾನದಲ್ಲಿ ಹಾಕುವುದಕ್ಕೆಂದು ‘ಪಾಲ್ ಕ್ಯಾಂಬೆಲ್’ ಎಂಬ ಹೆಸರೊಂದು ಅವರಲ್ಲಿ ಬಳಕೆಯಲ್ಲಿತ್ತು. ಹಾಗೆಂಬ ಮನುಷ್ಯನಿರಲಿಲ್ಲ, ಅದು ಕಲ್ಪಿತ ನಾಮ. ‘ವಿಮೋವೆ’ಗೂ ಆ ಹೆಸರೇ ಬಿದ್ದಿತು. ಪರಿಣಾಮವನ್ನು ನೋಡಿರಿ. ಜೊಹಾನ್ಸ್‌ಬರ್ಗಿನಲ್ಲಿ ಸೂಟು ತೊಟ್ಟು, ಪ್ಲೇಟುಗಳನ್ನು ಕಟ್ಟಿಡುತ್ತ, ಹೆಂಡತಿ ಮಕ್ಕಳೊಡನೆ ಬದುಕಿದ್ದ ಮನುಷ್ಯನು ಕರ್ತೃವಲ್ಲವೆಂದಾಯಿತು. ಹುಟ್ಟೇ ಇಲ್ಲದವನು ಕರ್ತೃವಾದನು. ಹಾಡು ಮೊದಲು ಮುದ್ರಣವಾಗಿ ಆಗ ಹನ್ನೆರಡೇ ವರ್ಷವಾಗಿತ್ತು.

ಸೀಗರನು ದುಷ್ಟನಾಗಿದ್ದರೆ ಇದರಲ್ಲಿ ವಿಚಾರ ಮಾಡತಕ್ಕದ್ದು ಏನೂ ಇರುತ್ತಿರಲಿಲ್ಲ. ಅವನು ಸಜ್ಜನ. ಕೂಲಿಗಾರರ ಪರವಾಗಿ, ಕರಿಯರ ಹಕ್ಕುಗಳ ಪರವಾಗಿ ಜೀವಮಾನವೆಲ್ಲ ಹಾಡಿದವನು. ತನ್ನ ನಂಬಿಕೆಗಳ ವಿಚಾರವಾಗಿ 1955ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯೊಂದು ಪ್ರಶ್ನೆ ಮಾಡಿದಾಗ ಉತ್ತರ ಕೊಡಲು ನಿರಾಕರಿಸಿ ಕಷ್ಟಕ್ಕೆ ಗುರಿಯಾದವನು. ಲಿಂಡಾನಿಗೆಂದು ಅವನು 1,000 ಡಾಲರು ಕಳುಹಿಸಿದ್ದೂ ಉಂಟು. ಆದರೆ ಈ ಹಾಡು ಒಬ್ಬ ಮನುಷ್ಯನದಲ್ಲ, ಒಂದು ಜನಾಂಗದ್ದು, ಎಂಬ ಭಾವನೆ ಅವನಲ್ಲಿ ಬೇರೂರಿತ್ತು. ಸಿಂಹವೆಂದರೆ ಜುಲುಗಳ ದೊರೆ ಷಾಕಾ. ಅವನು ಸತ್ತಿಲ್ಲ, ಮಲಗಿದ್ದಾನೆ, ಒಂದು ದಿನ ಎದ್ದುಬರುವನು ಎಂಬ ಪುರಾತನ ಐತಿಹ್ಯವೇ ಇದರ ಅರ್ಥವೆಂದು ಅವನು ವಿವರಿಸುತ್ತಿದ್ದನು. ಎಷ್ಟು ಉದಾತ್ತವಾದ ಅರ್ಥ! ದನಕಾಯುವ ಹುಡುಗರ ಕೂಗಿಗಿಂತ ಸಾವಿರ ಪಾಲು ಗಂಭೀರವಾದದ್ದು. ಆದರೆ ಈ ಉದಾತ್ತತೆಯಲ್ಲಿ ಹಾಡು ಕಟ್ಟಿದವನಿಗೆ ಜಾಗವಿಲ್ಲ. ಒಂದು ಜನಾಂಗಕ್ಕೆ ಗೌರವ ಸಲ್ಲಿಸುವ ಭರದಲ್ಲಿ ಆ ಜನಾಂಗದ ಒಬ್ಬ ಮನುಷ್ಯನು ಕಣ್ಮರೆಯಾದನು.

ನನಗೆ ಇಲ್ಲಿ ಹೆಚ್ಚು ಯೋಚನೆ ಹುಟ್ಟಿಸುವ ವಿಷಯ ಇದು. ಕರ್ತೃವನ್ನು ಅಳಿಸುವುದಕ್ಕೆ ತಿರಸ್ಕಾರವೇ ಬೇಕೆಂದಿಲ್ಲ, ಪ್ರಶಂಸೆಯಿಂದಲೂ ಅಳಿಸಬಹುದು. ‘ಇದು ಜನತೆಯ ಉಸಿರು’, ‘ಇದು ಮಣ್ಣಿನ ಹಾಡು’ ಎಂಬ ಮಾತುಗಳು ಕೇಳುವುದಕ್ಕೆ ಹೂಮಾಲೆಯಂತಿವೆ. ಅವುಗಳ ಅಡಿಯಲ್ಲಿ ‘ಆದುದರಿಂದ ಇದು ಯಾರದೂ ಅಲ್ಲ’ ಎಂಬ ಮಾತು ಅಡಗಿರುತ್ತದೆ. ಯಾರದೂ ಅಲ್ಲದ್ದು ಸಿಕ್ಕಿದವರದು. ಬಿಳಿಯರ ದೇಶದ ಒಬ್ಬನು ಹಾಡು ಕಟ್ಟಿದರೆ ಅವನು ಕವಿ. ಜುಲುವೊಬ್ಬನು ಕಟ್ಟಿದರೆ ಅದು ಪರಂಪರೆ. ಈ ಭೇದವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಸೀಗರನೇ ಮೊದಲು ಪ್ರತಿಭಟಿಸುತ್ತಿದ್ದನು.

ನಾವು ಇದರಿಂದ ಹೊರಗಿದ್ದೇವೆಯೆ? 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗಿನಿಂದ ಕನ್ನಡಿಗರು ಜಾನಪದವನ್ನು ಕೊಂಡಾಡುತ್ತ ಬಂದಿದ್ದೇವೆ; ಕೊಂಡಾಡತಕ್ಕದ್ದೇ. ಆ ಸಂಗ್ರಾಹಕರ ಉಪಕಾರ ಸಾಮಾನ್ಯವಲ್ಲ. ಅವರು ಹಾಡುಗಳನ್ನು ತಮ್ಮವೆಂದೂ ಹೇಳಿಕೊಳ್ಳಲಿಲ್ಲ. ಆದರೆ ಬೀಸುವ ಕಲ್ಲಿನ ಮುಂದೆ ಕುಳಿತು ಒಂದು ತ್ರಿಪದಿಯನ್ನು ಮೊದಲು ಕಟ್ಟಿದ ಹೆಂಗಸು ಯಾರೋ ಒಬ್ಬಳಿದ್ದಳಷ್ಟೆ. ಗರತಿಯೆಂಬ ಹೆಸರಿನ ಹೆಂಗಸು ಯಾವ ಊರಿನಲ್ಲಿಯೂ ಇಲ್ಲ. ಆ ಹಾಡುಗಳನ್ನು ಓದಿ ತಲೆದೂಗುವ ನಾವು ಆಕೆಯ ಹೆಸರನ್ನು ಕೇಳಬೇಕೆಂದು ಬಯಸುವುದೂ ಇಲ್ಲ. ಹಳೆಯ ಹಾಡಿನ ವಿಷಯದಲ್ಲಿ ಇದಕ್ಕೆ ಉಪಾಯವಿಲ್ಲ. ಆದರೆ ಬದುಕಿರುವ ಹಾಡುಗಾರ್ತಿಯೊಬ್ಬಳ ಹಾಡನ್ನು ಚಲಚ್ಚಿತ್ರಕ್ಕೋ ರೇಡಿಯೋಗೋ ಎತ್ತಿಕೊಂಡು ‘ಜಾನಪದ’ವೆಂದು ಬರೆದುಬಿಡುವುದು ಉಪಾಯವಿಲ್ಲದ್ದರಿಂದ ಅಲ್ಲ, ಸುಲಭವಾದ್ದರಿಂದ.

ನಮ್ಮ ದಾಸರೂ ಶರಣರೂ ಇದನ್ನು ಮೊದಲೇ ಕಂಡಿದ್ದರೋ ಏನೋ ಎನ್ನುವಂತೆ ಒಂದು ಏರ್ಪಾಡನ್ನು ಮಾಡಿಕೊಂಡಿದ್ದರು, ಅದು ಅಂಕಿತ. ಕರ್ತೃವಿನ ಗುರುತನ್ನು ತಾಳೆಯೋಲೆಯ ಕಟ್ಟಿನ ಮೇಲಲ್ಲ, ಹಾಡಿನ ಒಳಗೇ ಇಟ್ಟರು. ರಾಗವನ್ನು ಬದಲಾಯಿಸಿರಿ, ತಾಳವನ್ನು ಬದಲಾಯಿಸಿರಿ. ಕೊನೆಯ ಚರಣಕ್ಕೆ ಬಂದಾಗ ಪುರಂದರವಿಠಲನೆಂದು ಹೇಳದೆ ಹಾಡು ಮುಗಿಯದು. ಇದರಲ್ಲಿಯೂ ಒಂದು ಸ್ವಾರಸ್ಯವಿದೆ. ಅಂಕಿತವು ಕವಿಯ ಹೆಸರೇ ಅಲ್ಲ, ಅವನ ದೇವರ ಹೆಸರು, ಕೂಡಲಸಂಗಮದೇವನೆಂದರೆ ಬಸವಣ್ಣನವರಲ್ಲ. ತನ್ನನ್ನು ಹೇಳಿಕೊಳ್ಳಲು ಒಲ್ಲದವನು ಕೂಡ, ತನ್ನನ್ನು ಒಪ್ಪಿಸಿಕೊಂಡ ಬಗೆಯಿಂದಲೇ, ತಾನೆಂದು ಗುರುತಿಸಲ್ಪಟ್ಟನು. ಹಾಡುವ ಪ್ರತಿಯೊಬ್ಬನೂ ತಿಳಿದೋ ತಿಳಿಯದೆಯೋ ಹಾಡಿದಾಗಲೆಲ್ಲ ಋಣವನ್ನು ಸಲ್ಲಿಸುತ್ತ ಹೋಗುತ್ತಾನೆ. ಲಿಂಡಾನ ಇಳಿಸ್ವರಗಳಿಗೆ ಅಂಥ ಅಂಕಿತವಿರಲಿಲ್ಲ. ಸ್ವರಪಂಕ್ತಿಗೆ ಅಂಕಿತ ಹಾಕುವ ವಿದ್ಯೆ ಯಾರಿಗೂ ಬಾರದು. ಅವನ ಹೆಸರು ಇದ್ದದ್ದು ಪ್ಲೇಟಿನ ನಡುವೆ ಅಂಟಿಸಿದ ಕಾಗದದಲ್ಲಿ.

ಈ ವಾದಕ್ಕೆ ಪ್ರತಿವಾದಗಳುಂಟು. ಅವನು ಮಾರಿಬಿಟ್ಟನಷ್ಟೆ, ಮಾರಿದ ಮೇಲೆ ಏನು ಹಕ್ಕು, ಎಂದು ಕೇಳಬಹುದು. ಮಾರಿದ್ದು ಹಕ್ಕನ್ನು, ಕರ್ತೃತ್ವ ಮಾರುವ ಪದಾರ್ಥವಲ್ಲ. ಹೊಲವನ್ನು ಮಾರಬಹುದು, ಹೊಲವನ್ನು ಉತ್ತವನು ತಾನೆಂಬ ಸಂಗತಿಯನ್ನು ಮಾರಲಾಗುವುದಿಲ್ಲ. ಅದೂ ಅಲ್ಲದೆ, ಕೊಳ್ಳುವವನಿಗೆ ಮಾತ್ರ ಬೆಲೆ ಗೊತ್ತಿರುವ ವ್ಯಾಪಾರವನ್ನು ವ್ಯಾಪಾರವೆಂದು ಕರೆಯುವುದಕ್ಕೆ ನನಗೆ ಸಂಕೋಚ.

ಇನ್ನೊಂದು ಪ್ರತಿವಾದ ಇದಕ್ಕಿಂತ ಬಲವಾದದ್ದು. ಅಮೆರಿಕದವರು ಹಾಡದೆ ಹೋಗಿದ್ದರೆ ಲಿಂಡಾನನ್ನು ಲೋಕ ಅರಿಯುತ್ತಿತ್ತೆ? ಮೊದಲನೆಯದನ್ನು ಬದುಕಿಸಿದ್ದೇ ಎರಡನೆಯದಲ್ಲವೆ? ಲೋಕವೆಂದರೆ ಯಾವುದು ಎಂಬುದನ್ನು ಮೊದಲು ಕೇಳಬೇಕು. ಅವನ ನಾಡಿನಲ್ಲಿ ಅವನು ಅಜ್ಞಾತನಾಗಿರಲಿಲ್ಲ. ವಾದ್ಯಗಳ ಹಂಗಿಲ್ಲದೆ ಗಂಡಸರು ಗುಂಪುಗೂಡಿ ಹಾಡುವ ಜುಲು ಶೈಲಿಯೊಂದಕ್ಕೆ ಅವನ ಹಾಡಿನ ಹೆಸರೇ ನಿಂತಿತು; ‘ಇಂಬೂಬೆ’ ಎಂದರೆ ಅಲ್ಲಿ ಒಂದು ಹಾಡಲ್ಲ, ಒಂದು ಸಂಪ್ರದಾಯ. ಆ ಸಂಪ್ರದಾಯದ ಮುಂದುವರಿಕೆಯಲ್ಲಿಯೇ ತರುವಾಯ ‘ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ’ ಎಂಬ ಪ್ರಸಿದ್ಧ ಗುಂಪು ಬಂದದ್ದು. ಅವನಿಗೆ ಸಲ್ಲಬೇಕಾದ ಪದಾರ್ಥ ಕೀರ್ತಿಯಲ್ಲ. ಲಿಂಡಾನು 1962ರಲ್ಲಿ, ಟೋಕನ್ಸ್ ಗುಂಪಿನ ಪ್ಲೇಟು ಭೂಮಂಡಲವನ್ನು ಸುತ್ತುತ್ತಿದ್ದಾಗಲೇ, ಮೂತ್ರಪಿಂಡದ ಬೇನೆಯಿಂದ ತೀರಿಕೊಂಡನು. ಸಮಾಧಿಗೆ ಕಲ್ಲು ನಿಲ್ಲಿಸುವುದಕ್ಕೆ ಮನೆಯವರಿಗೆ ಅನಂತರ ಹದಿನೆಂಟು ವರ್ಷ ಹಿಡಿಯಿತು.

ನ್ಯಾಯಾಲಯದ ಕಥೆಯನ್ನು ಸಂಗ್ರಹವಾಗಿ ಹೇಳಿಬಿಡುತ್ತೇನೆ. 2000ದಲ್ಲಿ ರಿಯಾನ್ ಮಲಾನ್ ಎಂಬ ದಕ್ಷಿಣ ಆಫ್ರಿಕದ ಲೇಖಕನು ಈ ವೃತ್ತಾಂತವನ್ನೆಲ್ಲ ಬಯಲಿಗಿಟ್ಟನು. ಬ್ರಿಟಿಷ್ ಸಾಮ್ರಾಜ್ಯದ 1911ರ ಕೃತಿಸ್ವಾಮ್ಯದ ಶಾಸನದಲ್ಲಿ ಒಂದು ವಿಧಿಯಿತ್ತು: ಕರ್ತೃವು ತನ್ನ ಹಕ್ಕನ್ನು ಮಾರಿದ್ದರೂ, ಅವನು ಸತ್ತು 25 ವರ್ಷಗಳಾದ ಮೇಲೆ ಅದು ವಾರಸುದಾರರಿಗೆ ಹಿಂತಿರುಗುತ್ತದೆ. (ಆ ಶಾಸನ ಅಂದಿನ ಇಂಡಿಯಾಕ್ಕೂ ಅನ್ವಯಿಸುತ್ತಿತ್ತು. ಸಾಮ್ರಾಜ್ಯವು ತನಗೆ ತಿಳಿಯದೆ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದಿರಬಹುದು.) ಅದನ್ನು ಹಿಡಿದು ಲಿಂಡಾನ ಮಕ್ಕಳ ಪರವಾಗಿ 2004ರಲ್ಲಿ ದಾವೆ ಹೂಡಲಾಯಿತು, 2006ರಲ್ಲಿ ರಾಜಿಯಾಯಿತು. ಹಿಂದಿನದಕ್ಕೆ ಹಣ, ಮುಂದಿನ ವರಮಾನದಲ್ಲಿ ಪಾಲು, ಹೊಸ ಹಾಡು ‘ಇಂಬೂಬೆ’ಯಿಂದ ಹುಟ್ಟಿದ್ದೆಂಬ ಒಪ್ಪಿಗೆ, ಕರ್ತೃಗಳಲ್ಲಿ ಲಿಂಡಾನೂ ಒಬ್ಬನೆಂಬ ಮನ್ನಣೆ, ಇಷ್ಟು ದೊರೆತವು.

ಇಲ್ಲಿಗೆ ಋಣ ತೀರಿತೆ? ಕಾನೂನಿನ ಲೆಕ್ಕದಲ್ಲಿ ತೀರಿದೆಯೆನ್ನಬಹುದು. ಹಣವು ಬೇಕಾಗಿಯೇ ಇತ್ತು. ಬಡವರ ಮನೆಗೆ ಹಣ ಸೇರಬೇಕಾದಾಗ ಅದು ಕ್ಷುದ್ರವೆಂದು ಮೂಗುಮುರಿಯುವುದು ಹೊಟ್ಟೆ ತುಂಬಿದವರ ವೇದಾಂತ. ಆದರೆ ಸತ್ತವನಿಗೆ ಸಲ್ಲಬೇಕಾದ ಋಣವೊಂದು ಬೇರೆ ಇದೆ. ನಮ್ಮವರು ಮನುಷ್ಯನು ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂದರು. ಅವುಗಳಲ್ಲಿ ಋಷಿಋಣವನ್ನು ತೀರಿಸುವ ಕ್ರಮ ದಾನವಲ್ಲ, ಯಜ್ಞವಲ್ಲ, ಅಧ್ಯಯನ. ಅವರು ಕಂಡದ್ದನ್ನು ಕಲಿಯುವುದೇ ಅವರಿಗೆ ಸಲ್ಲಿಸುವುದು. ಹಾಡು ಕಟ್ಟಿದವನ ಋಣ ಈ ಜಾತಿಗೆ ಸೇರಿದ್ದೆಂದು ನನಗೆ ತೋರುತ್ತದೆ.

ಹೀಗೆ ನೋಡಿದಾಗ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಸೀಗರನ ವಿಷಯದಲ್ಲಿ ತೀರ್ಪು ಕಷ್ಟವಾಗುತ್ತದೆ. ಅವನು ಅಧ್ಯಯನವನ್ನು ಮಾಡಿದನು. ಪ್ಲೇಟಿನ ಮುಂದೆ ಶಿಷ್ಯನಂತೆ ಕುಳಿತು ಸ್ವರಗಳನ್ನು ಬರೆದುಕೊಂಡವನು ಅವನು. ಅವನ ಗುಂಪಿನ ಹಾಡಿನಲ್ಲಿ ಮಂದ್ರದ ಆ ನಡಿಗೆ ಇನ್ನೂ ಜೀವಂತವಾಗಿದೆ, ಕೂಗಿನಲ್ಲಿ ಕೂಗಿನ ಗುಣವಿದೆ. ಗುರುವಿನ ವಿದ್ಯೆಯನ್ನು ಪಡೆದನು, ಹೆಸರನ್ನು ಬಿಟ್ಟನು. ಟೋಕನ್ಸ್ ಗುಂಪಿನ ಪ್ಲೇಟಾದರೋ ಹೆಚ್ಚಾಗಿ ಪಾಠಾಂತರದ ಪಾಠಾಂತರ. ಇವುಗಳ ನಡುವೆ 1960ರಲ್ಲಿ ಮಿರಿಯಂ ಮಕೇಬಾ ಹಾಡಿದ ಇನ್ನೊಂದು ಪಾಠವಿದೆ. ಆಕೆ ಜೊಹಾನ್ಸ್‌ಬರ್ಗಿನವಳೇ, ‘ಇಂಬೂಬೆ’ ಎಂಬ ಹೆಸರಿನಿಂದಲೇ, ಜುಲು ಭಾಷೆಯಲ್ಲಿಯೇ ಹಾಡಿದಳು. ಗಂಡಸರ ಗುಂಪಿನ ಹಾಡು ಹೆಂಗಸಿನ ಕಂಠಕ್ಕೆ ಬಂದಾಗ ಎಷ್ಟೋ ಬದಲಾಗಿದೆ. ಆದರೂ ಸಿಂಹ ಮಲಗಿಲ್ಲ.

ಎರಡನೆಯವನು ಮಾಡಬೇಕಾದದ್ದು ಇಷ್ಟೆಂದು ನಾನು ತಿಳಿಯುತ್ತೇನೆ: ಮೊದಲನೆಯದನ್ನು ಕಲಿಯುವಷ್ಟು ಕೇಳಿರಬೇಕು; ಕೇಳುಗರಿಗೆ ಅಲ್ಲಿಗೆ ಹೋಗುವ ದಾರಿಯನ್ನು ಮುಚ್ಚಬಾರದು. ಕೇಳುಗನ ಮೇಲೂ ಒಂದು ಹೊರೆಯಿದೆ, ಅದನ್ನು ಕೇಳುಗರು ಒಪ್ಪುವುದಿಲ್ಲ. ಎರಡನೆಯ ಹಾಡನ್ನು ಮೆಚ್ಚಿಕೊಂಡವನು ಒಮ್ಮೆಯಾದರೂ ಮೊದಲನೆಯದನ್ನು ಕೇಳಲು ಹೋಗಬೇಕು. ಅದು ಈಗ ಕಷ್ಟವೂ ಅಲ್ಲ. 1939ರ ಆ ಧ್ವನಿ ಇಂದು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಕೇಳಬಹುದಾದಷ್ಟು ಹತ್ತಿರದಲ್ಲಿದೆ.

ಹಾಗೆ ಹೋದವರಿಗೆ ಮೊದಲು ನಿರಾಶೆಯಾಗುವ ಸಂಭವವುಂಟು. ಪ್ಲೇಟಿನ ಕರಕರ ಸದ್ದು. ಅದರ ಹಿಂದಿನಿಂದ ಗಂಡಸರ ದನಿಗಳು. ತಾವು ಬಲ್ಲ ಹಾಡು ಎಲ್ಲಿಯೂ ಕಾಣುವುದಿಲ್ಲ. ಒಂದು ನಿಮಿಷವಾಗುತ್ತದೆ, ಎರಡು ನಿಮಿಷವಾಗುತ್ತದೆ, ತಪ್ಪು ಹಾಡನ್ನು ಹಾಕಿಕೊಂಡೆವೋ ಏನೋ ಎನಿಸುತ್ತದೆ. ಅಷ್ಟರಲ್ಲಿ ಮಂದ್ರದ ನಡಿಗೆಗೆ ಕಿವಿ ಒಗ್ಗಿರುತ್ತದೆ. ಕೂಗು ಬಂದಾಗ ಎದೆ ಒಂದಿಷ್ಟು ಜಗ್ಗುತ್ತದೆ. ಆಮೇಲೆ, ಇನ್ನೇನು ಮುಗಿಯಿತೆನ್ನುವಾಗ, ಲೋಕವೆಲ್ಲ ಹಾಡುವ ಆ ಸಾಲನ್ನು ಅದನ್ನು ಕಂಡುಕೊಂಡವನು, ಕಂಡುಕೊಳ್ಳುತ್ತಿರುವ ಕ್ಷಣದಲ್ಲಿಯೇ, ಹಾಡುತ್ತಾನೆ.